ಗ್ವಾಡಿ ಕಡೆ ಕಣ್ಣು

ತಂದಾವ ದೀಪ ಹಚ್ಚಿ ನೋಡಲಿಲ್ಲ,
ಮೊದಲ ಡಬ್ಬ ಹಾಕಿ ಬುಡ ನೋಡಿದ.
ಹಳೇ ಟೇಬಲ್ ಲ್ಯಾಂಪಿನ ವ್ಯಾಪಾರಿಗಳು ಹಂಗ,
ಸಂತ್ಯಾಗ ಎತ್ತಿನ ಬಾಯಿ ತೆರದು ಹಲ್ಲ ಎಣಿಸಿದಂಗ.
ಕಂಪನಿ ಇಲ್ಲ, ಇಸವಿ ಇಲ್ಲ.
"ಛಲೋನ ಆತು," ಅಂದ,
"ಹೆಸರಿಲ್ಲದ್ದು ಯಾವ ಊರಿಂದರ ಆಗತೈತಿ.
ವಿಲಾಯತಿ ಅಂತ ಮಾರತೀನಿ.
ವಾಯರ್ ಹೊಸಾದು ಹಾಕು, ಮಾವಶಿ."

ಬೆಳಗಾವಿ ಖಡೇಬಜಾರದ ಮೆಟ್ಟಿಲ ಕೆಳಗ ನನ್ನ ಅಂಗಡಿ,
ಒಂದು ಸ್ಟೂಲು, ಒಂದು ಪಕ್ಕಡ, ಸೋಲ್ಡರ್ ಕಡ್ಡಿ.
ಹಾಳಿ ಬಿಚ್ಚಿದೆ.
ಪೇರಲಹಣ್ಣು ಕುಟುಕೋ ಗಿಳಿ,
ಅದರ ನೆತ್ತಿ ಮ್ಯಾಲೆ ಬಲ್ಬಿನ ಟೊಂಗಿ.
ಹೊಟ್ಟಿ ತೂತಿಗೆ ಬೆರಳು ಹಾಕಿದ್ರ
ಸುಟ್ಟ ಕಟಗಿಯ ಕರಿ ಹತ್ತಿತು.

ಅದು ನಮ್ಮಪ್ಪ ಕಾಸಿದ ಸಳಿ.
ಗೋಕಾಕದ ರಾಘೋಬಾ ಜೀನಗಾರ,
ಮರದ ಸೀತಾಫಲ, ಮರದ ಬದನಿಕಾಯಿ ಮಾಡಿ
ಹಣ್ಣಿಗೆ ಬಂದ ನೊಣಕ್ಕ ನಾಚಿಕಿ ತರಿಸಿದಾಂವ,
ಗಿರಣಿ ಸಾಹೇಬನ ಹೇಣ್ತಿ ಹನ್ನೆರಡು ದೀಪ ಹೇಳಿದಾಗ
ಹೊಟ್ಟ್ಯಾಗ ತೂತಿದ್ದ ಗಿಳಿ ಎಂಥಾದು ಅಂತ
ಎರಡು ರಾತ್ರಿ ಉಂಡಿರಲಿಲ್ಲ.

ಹುಣಸಿಬೀಜ ಅರದು ಅಂಟು ಕಾಸಾಕಿ ಅವ್ವ.
ಹಸರು ಬಳಿಯಾಕಿ ಅವ್ವ.
ಕಣ್ಣು ಬರಿಯೋ ದಿನ ಮಾತ್ರ
ಕಿಟಕಿ ಹತ್ರ ಕುಂತು, ಅಳಿಲ ಕೂದಲ ಕುಂಚ ಹಿಡದು
ಉಸರ ಕಟ್ಟತಿದ್ಲು.
ಘಟಪ್ರಭಾ ಜಿಗದು ಹುಟ್ಟಿಸಿದ ಕರೆಂಟು
ಗಿರಣಿಗೆ ಹೋಗತಿತ್ತು, ಬಂಗ್ಲೆಕ್ಕ ಹೋಗತಿತ್ತು,
ನಮ್ಮ ಓಣಿ ಅದಕ್ಕ ದಾರ್ಯಾಗ ಸಿಗತಿರಲಿಲ್ಲ.
ಚಿಮಣಿ ಬುಡ್ಡಿ ಮುಂದ ಕುಂತು ನಾವು
ಬಟನ್ ಒತ್ತಿದ್ರ ಹತ್ತೂ ದೀಪ ಮಾಡಿದ್ವಿ.

ಕೊಡಾಕ ಹೋದ ಅಪ್ಪ ಪಡಸಾಲ್ಯಾಗ ನಿಂತು ಕೇಳಿದನಂತ:
ಒಮ್ಮೆ ಹಚ್ಚಿ ತೋರಸ್ರಿ.
ಮಟಮಟ ಮಧ್ಯಾಹ್ನ. ಹಚ್ಚಿದ್ರು.
ಬಿಸಲಾಗ ಹತ್ತಿದ್ದೂ ತಿಳಿಲಿಲ್ಲ, ಆರಿದ್ದೂ ತಿಳಿಲಿಲ್ಲ.
ಮನಿಗೆ ಬಂದು ಅವ್ವಗ ಹೇಳಿದ:
"ಹಾರೇ ಬಿಡತೈತಿ ಅನಿಸ್ತು ಕೊಂಡೂ,
ರೆಕ್ಕಿ ಹಿಡಕೊಂಡು ನಿಂತೆ."
ಆ ಸುಳ್ಳು ಅವ್ವ ಸಾಯೂತನಕ ನಂಬಿದ್ಲು.
ನನಗ ಖರೆ ಹೇಳಿದ್ದು ಆಕಿ ಹೋದ ಮ್ಯಾಲೆ.

ವಾಯರ್ ಹಾದು ಬಂತು. ಬಲ್ಬ್ ತಿರುವಿದೆ.
ಸಂಜಿ ಆಗಿತ್ತು.
ಬಲಗಣ್ಣು ಅವ್ವಂದು: ಗುಂಡಗ, ಎಳ್ಳಿನಷ್ಟು ಬಿಳಿ ಚುಕ್ಕಿ.
ದೀಪ ತಿರುಗಿಸಿದೆ.
ಎಡಗಣ್ಣು ಸ್ವಲ್ಪ ಕೆಳಗ ಇಳದೈತಿ,
ಚುಕ್ಕಿ ಹರಡೇತಿ,
ಗಿಳಿ ಏನೋ ಮರತಂಗ ನೋಡತೈತಿ.
ಒಂಬತ್ತು ವರ್ಷದ ನನಗ ಅವ್ವ ಅಂದಿದ್ಲು:
"ಗ್ವಾಡಿ ಕಡೆ ಕಣ್ಣು ನೀ ಬರಿ.
ಯಾರೂ ನೋಡೂದಿಲ್ಲ, ಕೈ ಕೂಡತೈತಿ."

ಚೀಟಿ ಬರದೆ: ವಾಯರ್ ಅರವತ್ತು, ಹೋಲ್ಡರ್ ಮೂವತ್ತು,
ಕೂಲಿ ಐವತ್ತು.
ಹತ್ತು ಕಡಿಮಿ ಮಾಡು ಅಂದ. ಮಾಡಿದೆ.
ಕೊಡೂಮುಂದ
ಡೊಂಕ ಕಣ್ಣು ಮುಂದ ಮಾಡಿ ಹಾಳಿ ಸುತ್ತಿದೆ.