ಕೋಲ್ಟರ್ಸ್ ಬೆಂಡಿನ ಕೆಂಪು ದೀಪ

ನಮ್ಮೂರಿಗೆ ಇರುವುದು ಒಂದೇ ಸಿಗ್ನಲ್ಲು,
ಮೇನ್ ಸ್ಟ್ರೀಟನ್ನು ಥರ್ಡ್ ಸ್ಟ್ರೀಟು ಕತ್ತರಿಸುವಲ್ಲಿ
ತಂತಿಗೆ ಜೋತುಬಿದ್ದು.
ಹನ್ನೊಂದು ವರ್ಷ ಅದು ಬರೀ ಹಳದಿ ಮಿಟುಕಿಸಿತು:
ಹೋಗುವವರು ಹೋಗಿ, ನೋಡಿಕೊಂಡು ಹೋಗಿ, ಅಂತ.
ಎಲ್ಲರೂ ಹೋದರು.

ಇಂಡಿಯಾನಾದ ನಕ್ಷೆಯಲ್ಲಿ
ನದಿ ಮೊಣಕೈ ಮಡಿಸಿದ ಕಡೆ ಬೆರಳಿಟ್ಟರೆ
ಉಗುರಿನಡಿಯೇ ಮುಚ್ಚಿಹೋಗುವ ಊರು.
ನಾನು ಟೌನ್ ಹಾಲಿನ ಎರಡನೇ ಕಿಟಕಿಯ ಗುಮಾಸ್ತೆ.
ಅರ್ಜಿ, ಠಸ್ಸೆ, ಹತ್ತು ಡಾಲರು, ರಸೀದಿ.
ಕೆಲವರು ಊರನ್ನು ಹೊಳೆದಂಡೆಯಲ್ಲಿ ನಿಂತು ಪ್ರೀತಿಸುತ್ತಾರೆ.
ನಾನು ಫಾರಮ್ಮುಗಳಲ್ಲಿ.

ಮೊದಲು ಬಂದದ್ದೆಲ್ಲ ಬಾಗಿಲು ಹಾಕುವ ಅರ್ಜಿ.
ಹಾರ್ಡ್‌ವೇರ್ ಅಂಗಡಿಯ ಆರ್ವಿಲ್ ಸ್ಟಂಫ್
'ಕಾರಣ' ಎಂಬ ಖಾನೆಯಲ್ಲಿ 'ಮೊಣಕಾಲು' ಎಂದು ಬರೆದ.
ಪೆನ್ನು ಕೊಟ್ಟವನು ಮತ್ತೆ ಇಸಿದುಕೊಂಡು
ಮಗ್ಗುಲಲ್ಲಿ ಸಣ್ಣಗೆ: 'ಮತ್ತು ಬೈಪಾಸು.'
ಡೆಲ್ಫೀನ್ ಹ್ಯಾಚರ್ ಬಟ್ಟೆಯಂಗಡಿ ತೆರವು ಮಾಡಿದಾಗ
ಗಾಜಿನ ಹಿಂದೆ ಗೊಂಬೆಯೊಂದೇ ಉಳಿಯಿತು.
ಮಾನಕ್ಕೆ ಅಂತ ಯಾರೋ ಕಂದು ಕಾಗದ ಸುತ್ತಿದರು.
ಆರು ಚಳಿಗಾಲ ಹಾಗೇ ನಿಂತಿದ್ದಳು, ಬಸ್ಸಿಗೆ ಕಾಯುವವಳಂತೆ,
ಬಸ್ಸೂ ನಿಂತುಹೋದ ಬೀದಿಯಲ್ಲಿ.

ಮಾರ್ಚಿನ ಒಂದು ಮಂಗಳವಾರ
ಮರಿಸೆಲಾ ಒಕಾಂಪೊ ಬಂದಳು, ತೋಳಿನಲ್ಲಿ ಹಿಟ್ಟು.
'ಅಂಗಡಿ ತೆರೀಬೇಕು,' ಅಂದಳು.
ಹೌದಾ, ಅಂದೆ. ಇನ್ನೊಮ್ಮೆ ಹೌದಾ, ಅಂದೆ.
ತೆರೆಯುವ ಫಾರಮ್ಮು ಯಾವ ಡ್ರಾಯರಿನಲ್ಲಿದೆ
ಎಂಬುದೇ ಮರೆತಿತ್ತು.
ತೀರ ಅಡಿಯಲ್ಲಿ ಸಿಕ್ಕಿತು. ಅಂಚು ಇಲಿ ತಿಂದಿತ್ತು.
ಠಸ್ಸೆಯ ಮಸಿ ಒಣಗಿತ್ತು, ಉಗುಳು ಮುಟ್ಟಿಸಿ ಒತ್ತಿದೆ.
ಮೇಲಧಿಕಾರಿಗೆ ಹೇಳಬೇಡಿ.

'ಬೇಸಿಗೆ ದಾಟಲಿ, ನೋಡೋಣ,' ಎಂದಿತು ಕ್ಷೌರದಂಗಡಿ.
ಹಲಗೆ ಕಿತ್ತರೆ ಹೊಸ್ತಿಲಲ್ಲಿ ಹಳೆಯ ಚೂರುಗಲ್ಲಿನ ಅಕ್ಷರ:
ಷೂಸ್.
ಅವಳು ಒರೆಸಿದಳೇ ಹೊರತು ಅಳಿಸಲಿಲ್ಲ.
ಈಗ ಊರೆಲ್ಲ ಕರೆಯುವುದೇ ಹಾಗೆ,
'ಮೆಟ್ಟಿನಂಗಡಿ ಬ್ರೆಡ್ಡು ತಂದೆಯಾ?'
ಬೆಳಗಿನ ಐದಕ್ಕೆ ಆ ವಾಸನೆ ಬ್ಯಾಂಕಿನ ಕಂಬ ಸುತ್ತಿ
ಕಚೇರಿಯ ಬೀಗದ ಕಿಂಡಿಯಲ್ಲಿ ನುಸುಳಿ
ನನಗಿಂತ ಮೊದಲೇ ಕೆಲಸಕ್ಕೆ ಹಾಜರು.

ಆಮೇಲೆ ಒಬ್ಬ ಸೈಕಲ್ ರಿಪೇರಿಯವನು.
ಆಮೇಲೆ ಪಿಯಾನೊ ಶ್ರುತಿ ಮಾಡುವ ಹುಡುಗ, ಮಹಡಿಗೆ.
ಒಂದೇ ಸ್ವರ ಮೂವತ್ತು ಸಲ ಬಡಿಯುತ್ತಾನೆ, ತಲೆ ಚಿಟ್ಟು.
ಆದರೂ ಸಂಜೆ ಮನೆಗೆ ಹೋಗುವಾಗ ತಲೆಯೆತ್ತಿದರೆ
ಎರಡನೇ ಅಂತಸ್ತಿನಲ್ಲಿ ದೀಪ,
ಕಬ್ಬಿಣದ ಮೆಟ್ಟಿಲ ಮೇಲೆ ಒದ್ದೆ ಟವೆಲು.
ಪೇಟೆಬೀದಿಯಲ್ಲಿ ಯಾರೋ ಸ್ನಾನ ಮಾಡಿದ್ದಾರೆ!

ಎಲ್ಲ ಒಳ್ಳೆಯದೇ ಆಯಿತು ಅನ್ನಲಾರೆ.
ಬಾಡಿಗೆ ಏರಿತು. ಲಾಂಡ್ರಿಯ ವರ್ನೆಲ್
ತನ್ನ ನಾಲ್ಕು ಯಂತ್ರ ಲಾರಿಗೇರಿಸಿದ ದಿನ
ಆ ಅರ್ಜಿಗೂ ಠಸ್ಸೆ ಒತ್ತಿದವಳು ನಾನೇ.
ಆ ಗೊಂಬೆ ಎಲ್ಲಿ ಹೋಯಿತೆಂದು ಕೇಳಿದೆ,
ಯಾವ ಗೊಂಬೆ, ಅಂದರು.

ಅಕ್ಟೋಬರಿನಲ್ಲಿ ರಾಜ್ಯದ ಎಂಜಿನಿಯರು
ಮಡಚುವ ಕುರ್ಚಿ ಹಾಕಿಕೊಂಡು ಮೂರು ದಿನ ಕಾರು ಎಣಿಸಿದ.
ಮರಿಸೆಲಾ ಅವನಿಗೆ ಮೂರು ದಿನವೂ ತಿನ್ನಿಸಿದಳು,
ಲೆಕ್ಕ ತುಸು ಉದಾರವಾಗಿಯೇ ಬಂತು.
ಸೋಮವಾರ ಮುಂಜಾನೆ
ಹನ್ನೊಂದು ವರ್ಷದ ಮೇಲೆ ಮೊದಲ ಕೆಂಪು.

ನಿಂತೆ.
ಪಕ್ಕದ ಸಾಲಿನಲ್ಲಿ ಆರ್ವಿಲ್, ತುಕ್ಕು ಹಿಡಿದ ಪಿಕಪ್ಪು,
ಗಾಜು ಇಳಿಸಿ ಶುರುಮಾಡಿದ:
'ಇಷ್ಟು ಹೊತ್ತಾ? ಯಾರಿಗೆ ಬೇಕಿತ್ತಿದು?
ಇಲ್ಲಿ ನಿಂತು ಮಾಡೋದೇನು?'
ಅನ್ನುತ್ತಲೇ ಎಡಕ್ಕೆ ನೋಡಿದ. ತನ್ನ ಅಂಗಡಿಗೆ ಹೊಸ ಬಣ್ಣ,
ನೀಲಿ. 'ನೀಲಿಯಂತೆ,' ಅಂದ.
ಸ್ವಲ್ಪ ತಡೆದು, 'ನಮ್ಮಪ್ಪನೂ ನೀಲಿಯನ್ನೇ ಬಳಿಸಿದ್ದ.'

ಹಸಿರು ಬಂತು. ಆರ್ವಿಲ್ ಇನ್ನೂ ಮಾತಾಡುತ್ತಿದ್ದ,
ಅಪ್ಪ, ಬಣ್ಣದ ಡಬ್ಬ, ಏಣಿ ಜಾರಿದ್ದು,
ನಾನು ಕೇಳುತ್ತಿದ್ದೆ.
ಹಿಂದಿನವರು ಹಾರ್ನ್ ಹೊಡೆದರು.

ಹಿಂದಿನವರು!
ನಮ್ಮ ಹಿಂದೆ ಯಾರೋ ಇದ್ದರು.