ಹಲ್ಲು ನೋಡುವ ಕನ್ನಡಿ

ಅಂಗೈ ಹುಣ್ಣಿಗೆ ಬೇಡವಂತೆ ಕನ್ನಡಿ.
ಇದು ಅಂಗೈಯಲ್ಲ.
ಹೊಗೆ ಬಿಡುವ ಕಿಂಡಿಯೊಳಗೆ, ಮಸಿಯ ಆಚೆ,
ಶೇಂಗಾಕಾಯಿಯಂಥ ಗೂಡಿನಲ್ಲಿ
ಮೂರು ಮೂಲೆಯ ಕಬ್ಬಿಣವೊಂದು ಸುತ್ತುತ್ತದೆ;
ಅದರ ತುದಿ ನೋಡಬೇಕು.
ಅದಕ್ಕೇ ದಾದಾಪೀರಣ್ಣ ನನ್ನ ಲ್ಯಾಬಿಗೆ ಬಂದದ್ದು,
ಹಲ್ಲು ಕಟ್ಟಿಸಲು ಅಲ್ಲ, ಕನ್ನಡಿ ಕೇಳಲು.

ನಾನು ಹಲ್ಲು ಕಟ್ಟುವವಳು.
ದಾವಣಗೆರೆಯ ಡೆಂಟಲ್ ಕಾಲೇಜಿನ ಹಿಂದಿನ ಓಣಿಯಲ್ಲಿ
ಹದಿನೆಂಟು ವರ್ಷದಿಂದ ಊರ ಬಾಯಿಗಳ ಅಚ್ಚು
ಪ್ಲಾಸ್ಟರಿನಲ್ಲಿ ಹುಯ್ದು ಇಟ್ಟಿದ್ದೇನೆ.
ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ,
ಯಾರು ಎಡದವಡೆಗೇ ಅಡಿಕೆ ತಳ್ಳುತ್ತಾರೆ,
ಯಾರು ಸಿಟ್ಟು ನುಂಗಿ ಬದುಕಿದ್ದಾರೆ
ಸವೆತ ಹೇಳುತ್ತದೆ.
ನಾನು ಯಾರಿಗೂ ಹೇಳುವುದಿಲ್ಲ.

ಆನಗೋಡಿನಾಚೆ, ಹಳೇ ಹತ್ತಿ ಗೋದಾಮಿನ ತಗಡಿನಡಿ
ವಿಮಾನ ನಿಂತಿತ್ತು. ವಿಮಾನ ಅನ್ನಲು ನಗು ನನಗೆ:
ಎರಡು ಸೀಟು, ಬಟ್ಟೆ ಬಿಗಿದ ರೆಕ್ಕೆ,
ಮುಂಬೈ ಗುಜರಿಯಿಂದ ತೂಕಕ್ಕೆ ತಂದ
ಜಪಾನಿ ಕಾರಿನ ಎಂಜಿನ್ನು.
ಕಟ್ಟಿದ್ದು ಏಳು ವರ್ಷ, ಹಾರಿದ್ದು ಮೂವತ್ತೊಂದು ಗಂಟೆ.
ಲೆಕ್ಕದ ಪುಸ್ತಕದ ತುಂಬ ನಿಮಿಷ, ಎಣ್ಣೆ, ಗಾಳಿಯ ದಿಕ್ಕು;
ಒಂದು ಪುಟದಲ್ಲಿ ಮಾತ್ರ "ನವಿಲು".
ಬೇರೇನಿಲ್ಲ.

ಬ್ಯಾಟರಿ ತಂತಿ ಕಳಚಿ, ಕೀಲಿ ಜೇಬಿಗಿಳಿಸಿ,
ಪ್ಲಗ್ಗು ಬಿಚ್ಚಿ ಅವನೆಂದ:
"ಕಣ್ಣು ಆಮೇಲೆ ತಂಗಿ, ಮೊದಲು ಕಿವಿ."
ಎರಡೂ ಕೈಯಲ್ಲಿ ಪಂಖ ಹಿಡಿದು
ಬೀಸುಕಲ್ಲಿನಷ್ಟು ನಿಧಾನ ತಿರುಗಿಸಿದ.

ಹುಫ್.
ಹುಸ್.
ಹುಸ್.

ಮತ್ತೆ ಹುಫ್. ಮತ್ತೆ ಹುಸ್, ಹುಸ್.

"ಒಂದೇ ಮನೆ ಸೊರಗಿದ್ದರೆ ಆ ಮನೆಯದೇ ರೋಗ.
ಅಕ್ಕಪಕ್ಕದ ಎರಡೂ ಸೊರಗಿದರೆ
ಕೆಟ್ಟಿರೋದು ನಡುಗೋಡೆ."
ಎಂಜಿನ್ನಿನ ಮಾತಷ್ಟೇ ಅದು, ಗೊತ್ತು.
ಆದರೂ ನೆನಪಾಯಿತು ನನ್ನ ಮನೆ, ಅಕ್ಕನ ಮನೆ,
ಅಪ್ಪ ಇದ್ದಾಗಲೇ ಎದ್ದ
ನಾಲ್ಕಂಗುಲದ ಇಟ್ಟಿಗೆ.

ಕಿಂಡಿಗೆ ಟಾರ್ಚು, ಟಾರ್ಚಿನ ಪಕ್ಕ ಕನ್ನಡಿ.
ಒಳಗೆ ಮಂಡಕ್ಕಿ ಭಟ್ಟಿಯಷ್ಟು ಕಪ್ಪು.
"ಇನ್ನೊಂಚೂರು" ಎಂದೆ. ಪಂಖ ಸರಿಯಿತು.
ಕಪ್ಪಿನೊಳಗಿಂದ ಬಂತು ಒಂದು ಹೊಳೆವ ಗೆರೆ,
ಹಸುಗೂಸಿನ ಒಸಡಲ್ಲಿ ಮೊದಲ ಹಲ್ಲು ತೋರಿದಂತೆ.
ಮರದ ಕಡ್ಡಿಯಿಂದ ಒತ್ತಿದೆ: ಪುಟಿಯಿತು.
ಎರಡನೆಯದೂ ಪುಟಿಯಿತು.
ಮೂರನೆಯದು ಒಳಗೆ ಹೋಗಿ
ಯೋಚಿಸಿ
ಅರ್ಧಕ್ಕೆ ವಾಪಸು ಬಂತು.

ಬಿಚ್ಚಲು ಒಂದು ರಾತ್ರಿ ಹಿಡಿಯಿತಂತೆ.
ಬೆಳಿಗ್ಗೆ ಮೂರೂ ಪಟ್ಟಿ ಪೇಪರಿನ ಮೇಲೆ ಮಲಗಿದ್ದವು.
ಹೊಸದಾಗಿದ್ದಾಗ ಎಂಟು ಮಿಲಿಮೀಟರು ಎತ್ತರ;
ಎರಡು ಈಗ ಏಳೂವರೆ. ಒಂದು ಆರೂಕಾಲು.
ಅದನ್ನು ಇನ್ನೊಂದರ ಬೆನ್ನಿಗೆ ಒತ್ತಿ
ಬಾಗಿಲ ಬಿಸಿಲಿಗೆ ಹಿಡಿದ: ನಡುವೆ
ಕೂದಲೆಳೆಯಷ್ಟು ಬೆಳಕು.
ಬೆಳಕು ಕಂಡರೆ ಕೆಟ್ಟಿತು ಅನ್ನುವ ಕಸುಬು
ಇದೊಂದೇ ಇರಬೇಕು.
ಇದು, ಮತ್ತು ನನ್ನದು.

"ಸವೆದದ್ದು ಎಲ್ಲಿ ಹೋಯಿತು ಅಣ್ಣ?"
ತಲೆ ಕೆರೆದುಕೊಂಡ. "ಮುಕ್ಕಾಲು ಪಾಲು
ಜಪಾನಿನ ಯಾವುದೋ ರಸ್ತೆಯಲ್ಲಿ.
ಉಳಿದದ್ದು ಇಲ್ಲೇ" ಎಂದು ಮೇಲೆ ನೋಡಿದ.
ಮೇಲೆ ತಗಡು. ತಗಡಿನ ತೂತು.
ತೂತಿನಲ್ಲಿ ಆನಗೋಡಿನ ಆಕಾಶ, ಎಂಟಾಣೆ ಅಗಲ.

ಭಾನುವಾರ ಎರಡನೇ ಸೀಟಿಗೆ ಮೊದಲ ಸಲ
ಜೈಬುನ್ನಕ್ಕ ಕೂರಬೇಕಿತ್ತು.
ಫೋನಿನಲ್ಲಿ "ಆಗಲ್ಲ" ಎಂದ, ಕಾರಣ ಹೇಳಲು ಹೊರಟ.
"ನಾನೇನು ಕೇಳಿದ್ನಾ?" ಅಂದಿತು ಆ ಕಡೆಯ ದನಿ;
ಇಟ್ಟ ಮೇಲೆ ನಕ್ಕ: ಹೊಸ ಸ್ವೆಟರು ತಗೊಂಡಿದಾಳೆ, ಮೇಲೆ ಚಳಿ ಅಂತ.

ಕನ್ನಡಿಯನ್ನು ಪೆಟ್ರೋಲಿನಲ್ಲಿ ಅದ್ದಿ
ಬನಿಯನ್ನಿನ ಚೂರಲ್ಲಿ ಒರೆಸಿ ಕೊಟ್ಟ.
ಯಾರ ಬಾಯಿಗೂ ಇಡಲಾರೆ ಇನ್ನದನ್ನು,
ಹೇಳಲಿಲ್ಲ.
ಪುಸ್ತಕ ತೆರೆದು ತಾರೀಖು ಹಾಕಿ ಬರೆದ:
ಹಾರಾಟ, ಇಲ್ಲ.
ಗಾಳಿ, ಪಡುವಣ.
ಕನ್ನಡಿ, ವಾಪಸು.