ಎಷ್ಟು ಹೊತ್ತು

ಮೇಲಿನವರು ಒಂದು ಕಟ್ಟು ಕಾಗದ ಕಳಿಸಿದ್ದಾರೆ.
ಹಾಳೆಗೆ ಮೂರು ಮುಖ: ನಗುವುದೊಂದು, ಅಳುವುದೊಂದು,
ನಡುವಿನದು ನನ್ನ ಹಾಗೆ, ರಾತ್ರಿಪಾಳಿಯದು.
ಹೋಗುವ ಮುಂಚೆ ಎಲ್ಲರಿಂದಲೂ ಗುರುತು ಹಾಕಿಸಬೇಕು.
ತೃಪ್ತಿ ಹೆಚ್ಚಬೇಕಂತೆ, ಮಾರ್ಚ್ ಒಳಗೆ.

ಶಿವಮೊಗ್ಗದ ದೊಡ್ಡಾಸ್ಪತ್ರೆ, ತುರ್ತು ವಿಭಾಗ.
ಹನ್ನೊಂದು ದಾಟಿದರೆ ಬೆಂಚಿನಲ್ಲಿ ಜಾಗವಿಲ್ಲ.
ಹೊಸನಗರದ್ದು, ಸೊರಬದ್ದು, ಕುಂಸಿಯದು,
ಒಂದೊಂದು ಊರಿನ ನೋವಿಗೂ ಒಂದೊಂದು ಚೀಟಿ ಬರೆಯುತ್ತೇನೆ.
ಎಲ್ಲರದೂ ಒಂದೇ ಪ್ರಶ್ನೆ.
ಆರು ವರ್ಷದಿಂದ ನನ್ನದೂ ಒಂದೇ ಉತ್ತರ:
"ಕೂತ್ಕಳಿ, ಕರೀತಾರೆ."

ಅವತ್ತು ರಿಪ್ಪನ್‌ಪೇಟೆ ಕಡೆಯಿಂದ ಟೀಕಪ್ಪ ಬಂದ,
ಸಾಮಿಲ್ಲಿನವನು. ಎಡಗೈ ಟವೆಲ್ಲಿನೊಳಗೆ.
ಟವೆಲ್ಲಿಗೆ ಮೊದಲು ಯಾವ ಬಣ್ಣವಿತ್ತೋ.
ಹೆಂಡತಿ ಕನ್ನಮ್ಮ ಮೂರು ಸಲ ಕೌಂಟರಿಗೆ ಬಂದಳು.
ಮೂರನೇ ಸಲ ಏನೂ ಕೇಳಲಿಲ್ಲ,
ಕಿಂಡಿಯ ಸರಳು ಹಿಡಿದು ನಿಂತಳು, ಅಷ್ಟೆ.

ಯಾಕೆ ಎದ್ದೆನೋ.
ಸೊಂಟ ಹಿಡಿದಿತ್ತು, ಅದೂ ಇರಬಹುದು.
ಪರದೆ ಸರಿಸಿದೆ. ಡಾಕ್ಟರ್ ನಯೀಮಾ
ಹುಡುಗಿಯೊಬ್ಬಳ ಕಾಲಿಗೆ ಪೆನ್ನಿನಲ್ಲಿ ಗೆರೆ ಎಳೆಯುತ್ತಿದ್ದರು,
ಬಾವು ಎಲ್ಲಿಗೆ ಬಂತು, ಎಷ್ಟು ಗಂಟೆಗೆ.
ತಿರುಗಿ ನೋಡದೆಯೇ ನನಗೆ ಲೆಕ್ಕ ಹೇಳಿದರು.

ಬೆಂಚಿನ ಪಕ್ಕ ಕುಕ್ಕರಗಾಲಲ್ಲಿ ಕೂತೆ.
"ನಿಮ್ಮ ಮುಂದೆ ಮೂರು ಜನ ಇದ್ದಾರೆ. ಒಬ್ಬಳು ಸಣ್ಣವಳು,
ಕೊಳಕುಮಂಡಲ ಕಡಿದಿದೆ. ಒಬ್ಬರಿಗೆ ಎದೆನೋವು.
ಎರಡು ಗಂಟೆಯಾದರೂ ಬೇಕು.
ರಕ್ತ ನಿಂತಿದೆ, ಕೈ ಮೇಲಕ್ಕೆ ಹಿಡಕೊಂಡಿರಲಿ."

ಬೈಗುಳಕ್ಕೆ ಕಾದೆ.
"ಎರಡು ಗಂಟೆ," ಅಂದಳು ಕನ್ನಮ್ಮ, ದುಡ್ಡು ಎಣಿಸಿದ ಹಾಗೆ.
"ಹಾವಿಂದು ಮೊದಲಾಗಲಿ ಮಾರಾಯ್ತಿ."
ಆಮೇಲೆ ಮೊಬೈಲು ತೆಗೆದು
ಊರಲ್ಲಿ ಯಾರನ್ನೋ ಎಬ್ಬಿಸಿದಳು:
"ನಾವು ಬರೋದು ಬೆಳಗಾಗ್ತದೆ. ಕೆಂದಿನ ನೀನೇ ಕರಿ.
ಒದೀತದೆ, ಹಿಂಗಾಲು ಕಟ್ಟು."
ಗಂಡನ ಕೈ ತನ್ನ ಹೆಗಲ ಮೇಲೆ ಎತ್ತಿಟ್ಟುಕೊಂಡು
ಗೋಡೆಗೊರಗಿ ನಿದ್ದೆಹೋದಳು.

ಎರಡು ಅಂದದ್ದು ಎರಡೂ ಮುಕ್ಕಾಲಾಯಿತು.
ನಡುವೆ ಎಬ್ಬಿಸಿ ಅದನ್ನೂ ಹೇಳಿದೆ.

ಹೊರಡುವಾಗ ಕಾಗದ ಚಾಚಿದೆ.
ಮೂರು ಮುಖವನ್ನೂ ಇಬ್ಬರೂ ನೋಡಿದರು.
ಟೀಕಪ್ಪನಿಗೆ ನಗು ಬಂತು:
"ಹೆಬ್ಬೆಟ್ಟೇ ಅರ್ಧ ಹೋಯ್ತಲ್ಲ, ಎಲ್ಲಿಂದ ಒತ್ತಲಿ?"
ಕನ್ನಮ್ಮ ಪೆನ್ನು ಇಸಿದುಕೊಂಡು
ಅಳುವ ಮುಖಕ್ಕೆ ಗಟ್ಟಿಯಾಗಿ ಗೀಟು ಹಾಕಿದಳು.
ಬಾಗಿಲವರೆಗೆ ಹೋಗಿ ತಿರುಗಿ ಬಂದಳು.
"ನಿನಗಲ್ಲ ಅದು. ಬೆರಳಿಗೆ."

ಬಸ್‌ಸ್ಟ್ಯಾಂಡಿಗೆ ಎಷ್ಟು ಹೊತ್ತು ನಡೀಬೇಕು, ಅಂದಳು.
ಇಪ್ಪತ್ತು ನಿಮಿಷ, ಅಂದೆ.
ಅವನ ಮುಖ ನೋಡಿ,
ಅರ್ಧ ಗಂಟೆ.